ಸೂರ್ಯಕಾಂತಿಯ ನೆಂಟರು

ಕಾರ್ತಿಕದ ಬೆಳಗು. ಕಿಕ್ಕೇರಿಯ ರಸ್ತೆ ಬಿಟ್ಟು ಗೋವಿಂದನಹಳ್ಳಿಯತ್ತ ಹೊರಳಿದ್ದೀರಿ. ಎರಡೂ ಬದಿ ರಾಗಿ ತೆನೆಗಟ್ಟಿ ಬಾಗಿದೆ, ಹಸಿರಿಗೆ ಕಂದು ಏರುತ್ತಿದೆ. ನಡುನಡುವೆ ಅಕ್ಕಡಿ ಸಾಲು: ಅವರೆ ಬಳ್ಳಿ ರಾಗಿಯ ಮೇಲೇ ಹಬ್ಬಿದೆ, ತೊಗರಿ ಎದೆಯೆತ್ತರ ನಿಂತಿದೆ, ಹೊಲದ ಅಂಚಿನುದ್ದಕ್ಕೂ ಹುಚ್ಚೆಳ್ಳು ಹಳದಿಯಾಗಿ ಅರಳಿದೆ. ದನ ಈ ಗಿಡಕ್ಕೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಅದಕ್ಕೇ ಅದನ್ನು ಅಂಚಿಗೆ ಬಿತ್ತುವ ರೂಢಿ. ಬದುವಿನ ಹುಲ್ಲಿನಲ್ಲಿ ಇಬ್ಬನಿ ಇನ್ನೂ ಆರಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಪ್ಯಾಂಟಿನ ತುದಿ ನೆನೆದು ಕಾಲಿಗೆ ಅಂಟುತ್ತದೆ. ಹೂವಿನ ಸಾಲಿಗೆ ಹತ್ತಿರವಾದಂತೆ ಜೇನಿನ ಸದ್ದು ದಟ್ಟವಾಗುತ್ತದೆ. ಹುಚ್ಚೆಳ್ಳು ತನ್ನದೇ ಪರಾಗದಿಂದ ಕಾಳು ಕಟ್ಟುವುದಿಲ್ಲ. ಪಕ್ಕದ ಗಿಡದ ಪರಾಗ ಹೊತ್ತು ತರಲು ಈ ಹುಳಗಳೇ ಬೇಕು.

ಒಂದು ಹೂ ಕಿತ್ತುಕೊಳ್ಳಿ. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಹೂವನ್ನು ಅದರ ಹತ್ತಿರಕ್ಕೆ ತನ್ನಿ. ದೂರದಿಂದ ಒಂದು ಹೂವೆಂದು ಕಂಡದ್ದರಲ್ಲಿ ಈಗ ಹತ್ತಾರು ಹೂಗಳು ಕಾಣುತ್ತವೆ. ಅಂಚಿನಲ್ಲಿ ದಳದಂತೆ ಚಾಚಿರುವ ಪಟ್ಟಿ ಹೂಗಳು ಸಾಮಾನ್ಯವಾಗಿ 8. ನಡುವೆ ಒತ್ತಾಗಿ ಕೂತ ಪುಟ್ಟ ಕೊಳವೆಗಳು ಒಂದೊಂದೂ ಒಂದು ಪೂರ್ಣ ಹೂ: ಐದು ಹಲ್ಲಿನ ಬಾಯಿ, ಒಳಗೆ ಕೇಸರ, ಬುಡದಲ್ಲಿ ಮುಂದೆ ಕಪ್ಪು ಕಾಳಾಗುವ ಅಂಡಾಶಯ. ಬ್ಲೇಡಿನಿಂದ ಗೊಂಚಲನ್ನು ಉದ್ದಕ್ಕೆ ಸೀಳಿ ನೋಡಿ. ಪ್ರತಿ ಕೊಳವೆ ಹೂವಿನ ಮಗ್ಗುಲಲ್ಲೂ ಹೊಟ್ಟಿನಷ್ಟು ತೆಳುವಾದ ಒಂದು ಪದರ ನಿಂತಿದೆ. ಈ ಪದರವನ್ನು ನೆನಪಿಟ್ಟುಕೊಳ್ಳಿ.

ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಕುಡುಗೋಲು ನಿಲ್ಲಿಸಿ ನಿಮ್ಮನ್ನೇ ನೋಡುತ್ತಿದ್ದಾರೆ.

“ಅದೇನ್ ಹುಡುಕ್ತಿದ್ದೀಯ ಮಗ, ಹೂವೊಳಗೆ?”

“ಈ ಹುಚ್ಚೆಳ್ಳು ಯಾವುದಕ್ಕೆ ನೆಂಟ ಅಂತ ನೋಡ್ತಿದ್ದೀನಿ ಅಜ್ಜಿ.”

“ಇನ್ಯಾವುದ್ಕೆ, ಸೂರ್ಯಕಾಂತಿ ತಂಗಿ ಅಲ್ವ ಅದು! ಮಕ ನೋಡುದ್ರೆ ಗೊತ್ತಾಗಕಿಲ್ವ?”

ಅಜ್ಜಿ ಹೇಳಿದ್ದನ್ನೇ ಸಸ್ಯಶಾಸ್ತ್ರಜ್ಞರೂ ಬಹುಕಾಲ ಹೇಳುತ್ತಿದ್ದರು. ಸೂರ್ಯಕಾಂತಿ ಕುಟುಂಬ, ಅಂದರೆ ಆಸ್ಟರೇಸಿಯೇ, ಹೂಬಿಡುವ ಗಿಡಗಳ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಅದರಲ್ಲಿ 1,600ಕ್ಕೂ ಹೆಚ್ಚು ಕುಲಗಳು, 25,000ಕ್ಕೂ ಹೆಚ್ಚು ಪ್ರಭೇದಗಳು ಇವೆ. ಇಷ್ಟು ದೊಡ್ಡ ಮನೆತನವನ್ನು ಮೊದಲು ಪಂಗಡಗಳಾಗಿ ಬಿಡಿಸಿಟ್ಟವನು ಫ್ರಾನ್ಸಿನ ಆಂರಿ ಕಸೀನಿ. ಹಿರಿಯರು ಹೆಸರಾಂತ ಖಗೋಳಜ್ಞರು, ತಾನು ವೃತ್ತಿಯಿಂದ ನ್ಯಾಯಾಧೀಶ. ಬಿಡುವಿನಲ್ಲಿ ಅವನು ಬಿಡಿಸುತ್ತಿದ್ದುದು ಇಂಥ ಪುಟ್ಟ ಹೂಗಳನ್ನು. ನಿಮ್ಮ ಕೈಯಲ್ಲಿರುವ ಗಿಡವನ್ನು 1829ರಲ್ಲಿ ಗ್ವಿಝೋಶಿಯಾ ಎಂಬ ಕುಲದಲ್ಲಿ ಇರಿಸಿದವನೂ ಅವನೇ. ಅದರ ತವರು ಇಥಿಯೋಪಿಯಾದ ಎತ್ತರದ ನೆಲ. ಇಲ್ಲಿಗೆ ಬಂದು ಬಹಳ ಕಾಲವಾಗಿ, ನಮ್ಮ ಚಟ್ನಿಪುಡಿಗೂ ಗಾಣಕ್ಕೂ ಒಗ್ಗಿಹೋಗಿದೆ. ಸೂರ್ಯಕಾಂತಿ ಬಂದದ್ದು ಉತ್ತರ ಅಮೆರಿಕದಿಂದ. ತವರು ಬೇರೆಯಾದರೂ ಮುಖ ಒಂದೇ ತೆರ, ಹೊಟ್ಟಿನ ಪದರವೂ ಎರಡರಲ್ಲೂ ಇದೆ. ಹಾಗಾಗಿ ಎರಡನ್ನೂ ಹೀಲಿಯಾಂತಿಯೇ ಎಂಬ ಒಂದೇ ಪಂಗಡಕ್ಕೆ ಸೇರಿಸಲಾಗಿತ್ತು.

*

ಬಿಸಿಲು ಏರುವ ಹೊತ್ತಿಗೆ ಊರೊಳಗೆ ಬನ್ನಿ. ಪಂಚಲಿಂಗೇಶ್ವರ ಗುಡಿಯ ಮುಂದೆ ನಿಂತಿದ್ದೀರಿ. ಹೊಯ್ಸಳರ ಕಾಲದ, 13ನೇ ಶತಮಾನದ ಕಟ್ಟಡ. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿವೆ, ಮುಂದೆ ಉದ್ದನೆಯ ಕಂಬದ ಹಜಾರ. ಹೊಯ್ಸಳ ಗುಡಿಗಳಲ್ಲಿ ಐದು ಗರ್ಭಗುಡಿಯ ಪಂಚಕೂಟ ಅಪರೂಪ. ಏಕಕೂಟ, ದ್ವಿಕೂಟ, ತ್ರಿಕೂಟ ಎಂದು ಗರ್ಭಗುಡಿ ಎಣಿಸಿ ಗುಡಿಯ ವರ್ಗ ಹೇಳಬಹುದು. ಆದರೆ ಅದನ್ನು ಕಟ್ಟಿದ ಕೈ ಯಾವುದು, ಯಾವ ಗುಡಿಯ ಶಿಲ್ಪಿಯ ಬಳಗ ಇಲ್ಲಿಗೂ ಬಂದಿತ್ತು ಎಂದು ತಿಳಿಯಲು ಎಣಿಕೆ ಸಾಲದು. ಉಳಿಯ ಗುರುತು ನೋಡಬೇಕು, ಶಾಸನ ಓದಬೇಕು. ಗಿಡಗಳ ವರ್ಗೀಕರಣವೂ ಇದೇ ಎರಡು ಮೆಟ್ಟಿಲಲ್ಲಿ ನಡೆದಿದೆ.

ಗುಡಿಯ ಆವರಣದ ಆಚೆ, ನೆರಳಿನಲ್ಲಿ ಹಳೆಯ ದಿನಪತ್ರಿಕೆ ಹಾಸಿ. ದಾರಿಯಲ್ಲಿ ಕಿತ್ತು ತಂದ ಐದು ಗಿಡಗಳನ್ನು ಅದರ ಮೇಲೆ ಬಿಡಿಬಿಡಿಯಾಗಿ ಇಡಿ. ಒಂದು, ತೋಟದ ಸೂರ್ಯಕಾಂತಿ. ಎರಡು, ಹುಚ್ಚೆಳ್ಳು. ಮೂರು, ಕಾಲುವೆಯ ಒದ್ದೆ ಅಂಚಿನಿಂದ ಕಿತ್ತ ಗರಗ. ಕಾಳಿನಷ್ಟು ಪುಟ್ಟ ಬಿಳಿ ಹೂ, ತಲೆಗೆ ಎಣ್ಣೆ ಕಾಯಿಸಲು ಬಳಸುವ ಸೊಪ್ಪು. ನಾಲ್ಕು, ಬಸ್ ನಿಲ್ದಾಣದ ಪಕ್ಕದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಹರಳಿನಷ್ಟು ಬಿಳಿ ಹೂ, ಮುಟ್ಟಿದರೆ ಹಲವರಿಗೆ ಮೈ ತುರಿಸುತ್ತದೆ. ಐದು, ರಸ್ತೆಯಂಚಿನ ಟ್ರೈಡಾಕ್ಸ್. ಉದ್ದ ತೊಟ್ಟಿನ ತುದಿಯಲ್ಲಿ ಒಂಟಿ ಹೂ, ಕುಡುಗೋಲು ತಾಗಿದ ಗಾಯಕ್ಕೆ ಹೊಲದವರು ಹಿಂಡುವ ಸೊಪ್ಪು.

ಈಗ ಮುಖ ನೋಡಿ ಜೋಡಿಸಿ. ಹಳದಿ ಪಟ್ಟಿಯ ಸೂರ್ಯಕಾಂತಿ, ಹುಚ್ಚೆಳ್ಳು ಒಂದು ಕಡೆ. ಬಿಳಿ ಹೂವಿನ ಗರಗ, ಕಾಂಗ್ರೆಸ್ ಗಿಡ ಇನ್ನೊಂದು ಕಡೆ. ಟ್ರೈಡಾಕ್ಸ್ ಎಲ್ಲಿ ಇಡುವುದೆಂದು ತಿಳಿಯದೆ ಕೈ ತಡೆಯುತ್ತದೆ.

ಕಳೆದ ಶತಮಾನದ ಕೊನೆಯಿಂದ ಡಿಎನ್‌ಎ ಓದುವ ಕೆಲಸ ಶುರುವಾದ ಮೇಲೆ ಈ ಕಾಗದದ ಮೇಲಿನ ಜೋಡಣೆ ತಲೆಕೆಳಗಾಯಿತು. ಹಳೆಯ ದೊಡ್ಡ ಹೀಲಿಯಾಂತಿಯೇ ಪಂಗಡ ಒಂದೇ ಮನೆಯಾಗಿ ಉಳಿಯಲಿಲ್ಲ. ಹೋಸೆ ಪನೇರೊ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ವಿಕಿ ಫಂಕ್ 2002ರಲ್ಲಿ ಡಿಎನ್‌ಎ ಆಧಾರದ ಹೊಸ ವಿಂಗಡಣೆ ಮುಂದಿಟ್ಟರು. ಹಳೆಯ ಪಂಗಡ ಒಡೆದು ಹಲವಾಯಿತು. ಅದರಂತೆ ಕಾಗದದ ಮೇಲಿನ ಗಿಡಗಳನ್ನು ಸರಿಸಿ. ಹುಚ್ಚೆಳ್ಳನ್ನು ಎತ್ತಿ ಟ್ರೈಡಾಕ್ಸಿನ ಪಕ್ಕ ಇಡಿ. ಅವೆರಡೂ ಈಗ ಮಿಲ್ಲೇರಿಯೇ ಪಂಗಡದವು. ಸೂರ್ಯಕಾಂತಿಯ ಪಕ್ಕಕ್ಕೆ ಗರಗವನ್ನೂ, ಊರೆಲ್ಲ ಶಪಿಸುವ ಕಾಂಗ್ರೆಸ್ ಗಿಡವನ್ನೂ ತನ್ನಿ. ಹೀಲಿಯಾಂತಿಯೇ ಎಂಬ ಹೆಸರು ಉಳಿದಿರುವ ಪಂಗಡದಲ್ಲಿ ಈ ಮೂರೂ ಇವೆ. ಅಜ್ಜಿ ಹೇಳಿದ ತಂಗಿ ಪಕ್ಕದ ಮನೆಯವಳಾದಳು. ಯಾರೂ ಹತ್ತಿರ ಸೇರಿಸದ ಕಳೆ ಸ್ವಂತ ಬಳಗವೆಂದು ಹೊರಬಿತ್ತು.

ಇದು ಪುಸ್ತಕದ ಲೆಕ್ಕಾಚಾರವಷ್ಟೇ ಎನ್ನುವಂತಿಲ್ಲ. ಕಾಂಗ್ರೆಸ್ ಗಿಡವನ್ನು ತಿಂದು ಹತ್ತಿಕ್ಕಲೆಂದು ಮೆಕ್ಸಿಕೊದಿಂದ ಜೈಗೊಗ್ರಾಮ ಎಂಬ ಪುಟ್ಟ ಜೀರುಂಡೆಯನ್ನು ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಸುಕು ಹಳದಿ ಬೆನ್ನಿನ ಮೇಲೆ ಕಂದು ಗೆರೆಗಳ ಹುಳು. ಮಳೆಗಾಲದಲ್ಲಿ ಈಗಲೂ ನಮ್ಮ ರಸ್ತೆಬದಿಯಲ್ಲಿ ಪಾರ್ಥೇನಿಯಂ ಎಲೆ ಜರಡಿಯಾಗುವುದು ಅದರಿಂದ. ಕೆಲವೇ ವರ್ಷಗಳಲ್ಲಿ ಅದು ಸೂರ್ಯಕಾಂತಿ ಎಲೆಯನ್ನೂ ಕಡಿಯುತ್ತಿದೆ ಎಂಬ ದೂರು ಕರ್ನಾಟಕದ ಹೊಲಗಳಿಂದ ಬಂತು. ಸೂರ್ಯಕಾಂತಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವ ನಾಡು ನಮ್ಮದು. ಗದ್ದಲವೆದ್ದಿತು, ತನಿಖೆ ನಡೆಯಿತು. ಪಕ್ಕದ ಕಾಂಗ್ರೆಸ್ ಗಿಡದ ಪರಾಗ ಗಾಳಿಗೆ ಹಾರಿ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಾಗ ಹುಳು ಅದರ ವಾಸನೆಗೆ ಎಲೆಯನ್ನೂ ಕಡಿಯುತ್ತದೆ, ಆದರೆ ಅದು ಸೂರ್ಯಕಾಂತಿಯ ಪೀಡೆಯಾಗಿ ನೆಲೆಯೂರುವುದಿಲ್ಲ ಎಂದು ಸಂಶೋಧಕರು ಕಂಡುಕೊಂಡರು. ಒಂದು ಗಿಡವನ್ನು ತಿನ್ನುವ ಹುಳವನ್ನು ತರುವ ಮೊದಲು ಆ ಗಿಡದ ಹತ್ತಿರದ ನೆಂಟರ ಮೇಲೆ ಅದನ್ನು ಬಿಟ್ಟು ಪರೀಕ್ಷಿಸಬೇಕು. ಯಾರು ನೆಂಟರು ಎಂಬುದನ್ನು ವರ್ಗೀಕರಣವೇ ಹೇಳಬೇಕು.

*

ಸೂರ್ಯಕಾಂತಿಗೆ ಇನ್ನೂ ಹತ್ತಿರದ ನೆಂಟರನ್ನು ನೋಡಬೇಕಾದರೆ ಬಹಳ ದೂರ ಹೋಗಬೇಕು. ದಕ್ಷಿಣ ಅಮೆರಿಕದ ಈಕ್ವೆಡಾರ್ ದಡದಿಂದ ಪೆಸಿಫಿಕ್ ಸಾಗರದೊಳಗೆ ಸುಮಾರು 1,000 ಕಿಲೋಮೀಟರ್ ಆಚೆ ಗಲಾಪಗಸ್ ದ್ವೀಪಗಳಿವೆ. ಅಲ್ಲಿನ ಸಾಂತಾ ಕ್ರೂಸ್ ದ್ವೀಪದ ದಡದಲ್ಲಿ ಇಳಿದಿದ್ದೀರಿ. ಸುತ್ತ ಕಪ್ಪು ಲಾವಾ ಕಲ್ಲು. ಮರದೆತ್ತರ ಬೆಳೆದ ಪಾಪಾಸುಕಳ್ಳಿ, ಎಲೆ ಉದುರಿಸಿ ಬೆಳ್ಳಗೆ ನಿಂತ ಮರಗಳು. ನೆಲ ಕಾದಿದೆ, ಗಂಟಲು ಒಣಗುತ್ತದೆ. ಪ್ವೆರ್ಟೊ ಅಯೋರಾ ಊರಿನಿಂದ ರಸ್ತೆ ಮೇಲಕ್ಕೆ ಏರುತ್ತದೆ. ಬಾಳೆ, ಕಾಫಿ, ದನದ ಹುಲ್ಲುಗಾವಲು ಹಾದು ಇನ್ನೂ ಮೇಲೇರಿದರೆ ಮಂಜು ಮುಖಕ್ಕೆ ಬಡಿಯುತ್ತದೆ. ಜೂನ್‌ನಿಂದ ವರ್ಷದ ಕೊನೆಯವರೆಗೆ ಇಲ್ಲಿ ಇದೇ ಹವೆ. ಮಳೆಯೆನ್ನಲಾಗದ ಸಣ್ಣ ತುಂತುರು ದಿನವಿಡೀ ತೂರುತ್ತದೆ. ಅಂಗಿ ನೆನೆದು ಬೆನ್ನಿಗೆ ಅಂಟಿದೆ. ನೆಲ ಕುಸಿದು ಆದ ಎರಡು ಭಾರಿ ಗುಂಡಿಗಳ ನಡುವೆ, ಲೋಸ್ ಹೆಮೆಲೋಸ್ ಎಂಬಲ್ಲಿ ಕಾಡಿನೊಳಗೆ ಹೆಜ್ಜೆಯಿಟ್ಟಿದ್ದೀರಿ.

ಕಾಂಡಗಳ ಮೇಲೆ ಪಾಚಿ ಹೊದ್ದಿದೆ, ಜರಿಗಿಡಗಳು ಜೋತಿವೆ. ತಲೆಯ ಮೇಲೆ ಹಸಿರು ವಾರ್ಬ್ಲರ್ ಫಿಂಚ್ ಎಂಬ ಕಿರಿಹಕ್ಕಿ ಹುಳ ಹೆಕ್ಕುತ್ತಿದೆ. ಮರಗಳು 15 ಮೀಟರ್‌ವರೆಗೂ ಎದ್ದಿವೆ, ಹೆಚ್ಚುಕಡಿಮೆ ಎಲ್ಲವೂ ಒಂದೇ ಎತ್ತರ, ಒಂದೇ ಪ್ರಾಯ. ಬಾಗಿದ ಕೊಂಬೆಯೊಂದನ್ನು ಹಿಡಿದುಕೊಳ್ಳಿ. ಎಲೆ ಉದ್ದ, ಮೇಲೆ ನವಿರು ರೋಮ. ತುದಿಯಲ್ಲಿ ಬಿಳಿ ಗುಂಡು ಹೂ. ಅಂಚಿನಲ್ಲಿ ಪಟ್ಟಿ ಹೂಗಳೇ ಇಲ್ಲ, ಇರುವುದೆಲ್ಲ ನಡುವಿನ ಕೊಳವೆಗಳು. ಸೂರ್ಯಕಾಂತಿಯ ಚಹರೆ ಎಳ್ಳಷ್ಟೂ ಕಾಣದು. ಬ್ಲೇಡ್ ತೆಗೆದು ಸೀಳಿ. ಪ್ರತಿ ಕೊಳವೆಯ ಮಗ್ಗುಲಲ್ಲೂ ಆ ತೆಳು ಹೊಟ್ಟಿನ ಪದರ!

ಇದು ಸ್ಕಲೇಶಿಯಾ ಪೆಡಂಕ್ಯುಲೇಟಾ. ಸ್ಕಲೇಶಿಯಾ ಕುಲ ಗಲಾಪಗಸ್ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಕಾಂಗ್ರೆಸ್ ಗಿಡ, ಗರಗ ಎರಡಕ್ಕಿಂತಲೂ ಇದು ಸೂರ್ಯಕಾಂತಿಗೆ ಹತ್ತಿರ. ಒಂದೇ ಪಂಗಡದೊಳಗಿನ ಒಂದೇ ಉಪಪಂಗಡ. ಕಣದೊಳಗಿನ ಲೆಕ್ಕವೂ ಅದಕ್ಕೆ ಸಾಕ್ಷಿ. ಸೂರ್ಯಕಾಂತಿಯಲ್ಲಿ ವರ್ಣತಂತುಗಳ 17 ಜೋಡಿ, ಸ್ಕಲೇಶಿಯಾದಲ್ಲಿ ಸರಿಯಾಗಿ ಅದರ ಇಮ್ಮಡಿ, 34. ಹುಚ್ಚೆಳ್ಳಿನಲ್ಲಿ 15. ಸ್ಕಲೇಶಿಯಾದ ಒಂದು ಪ್ರಭೇದದ ಪೂರ್ಣ ಜೀನೋಮ್ 2022ರಲ್ಲಿ ಪ್ರಕಟವಾಯಿತು. ಎರಡು ಬೇರೆ ಪೂರ್ವಜರ ವರ್ಣತಂತುಗಳು ಕೂಡಿ ಈ ಇಮ್ಮಡಿ ಆಗಿದೆ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ಕಂಡಿತು. ಸ್ಕಲೇಶಿಯಾಕ್ಕೆ ಅತಿ ಹತ್ತಿರದ ಕುಲ ಆಂಡಿಸ್ ಬೆಟ್ಟಸಾಲಿನ ಪ್ಯಾಪೊಬೋಲಸ್.

*

ಈಗ ಕಾಲದಲ್ಲಿ ಹಿಂದೆ ಸರಿಯಿರಿ. 1835ರ ಸೆಪ್ಟೆಂಬರ್. ಬೀಗಲ್ ಹಡಗಿನಿಂದ ಇಳಿದ ಚಾರ್ಲ್ಸ್ ಡಾರ್ವಿನ್ ಇದೇ ದ್ವೀಪಸಮೂಹದಲ್ಲಿ ಹೂಬಿಟ್ಟ ಗಿಡಗಳನ್ನೆಲ್ಲ ಕಿತ್ತು ಕಾಗದದಲ್ಲಿ ಒತ್ತುತ್ತಿದ್ದಾನೆ. ಹಕ್ಕಿಗಳ ವಿಷಯದಲ್ಲಿ ಯಾವುದು ಯಾವ ದ್ವೀಪದ್ದೆಂದು ಬರೆದಿಡುವುದರಲ್ಲಿ ಅವನು ಎಡವಿದ್ದ. ಗಿಡಗಳಿಗೆ ಮಾತ್ರ ಬಹುಪಾಲು ದ್ವೀಪದ ಹೆಸರಿನ ಚೀಟಿ ಇತ್ತು. ಮರುವರ್ಷವೇ, ಡಾರ್ವಿನ್ ತಂದ ಗಿಡಗಳನ್ನು ಯಾರೂ ಬಿಚ್ಚಿ ನೋಡುವ ಮೊದಲೇ, ಸ್ಕಾಟ್ಲೆಂಡಿನ ವಾಕರ್ ಆರ್ನಟ್ ಸ್ಕಲೇಶಿಯಾ ಕುಲವನ್ನು ಹೆಸರಿಸಿದ್ದ.

ಡಾರ್ವಿನ್ನನ ಕಟ್ಟು ಕೇಂಬ್ರಿಜಿನಲ್ಲಿ ವರ್ಷಗಟ್ಟಲೆ ಕೂತು, ಕೊನೆಗೆ ಜೋಸೆಫ್ ಹೂಕರನ ಮೇಜಿಗೆ ಬಂತು. ಅವನ ಹೆಗಲ ಹಿಂದೆ ನಿಂತು ನೋಡಿ. ಒಣಗಿ ಕಂದಾದ ಕೊಂಬೆಗಳು, ಪಕ್ಕದಲ್ಲಿ ದ್ವೀಪದ ಹೆಸರಿನ ಚೀಟಿ. ಎಲೆಯ ಅಂಚು ಸೀಳಿದೆಯೋ ನಯವೋ, ರೋಮ ಇದೆಯೋ ಇಲ್ಲವೋ, ಹೂವಿನ ತೊಟ್ಟು ಎಷ್ಟುದ್ದ ಎಂದು ನೋಡಿ ಅವನು ಪ್ರಭೇದ ಬಿಡಿಸುತ್ತಾನೆ. 1845ರಲ್ಲಿ ಡಾರ್ವಿನ್ ತನ್ನ ಪ್ರವಾಸ ಕಥನದ ಎರಡನೆಯ ಮುದ್ರಣಕ್ಕೆ ಈ ಫಲವನ್ನು ಸೇರಿಸಿದ: ಸ್ಕಲೇಶಿಯಾದಲ್ಲಿ ಆರು ಪ್ರಭೇದ, ಒಂದೂ ಎರಡು ದ್ವೀಪಗಳಲ್ಲಿ ಬೆಳೆಯುವುದಿಲ್ಲ. ದ್ವೀಪಕ್ಕೊಂದು ಪ್ರಭೇದ ಏಕೆ ಎಂಬ ಪ್ರಶ್ನೆ ಅವನನ್ನು ಎಲ್ಲಿಗೆ ಒಯ್ದಿತೆಂದು ಜಗತ್ತಿಗೆ ಗೊತ್ತು. ಆದರೆ ಆ ಹೇಳಿಕೆ ಪೂರ್ತಿ ನಿಲ್ಲಲಿಲ್ಲ. ನೀವು ಈಗ ಸೀಳಿ ನೋಡಿದ ಪೆಡಂಕ್ಯುಲೇಟಾ ಸಾಂತಾ ಕ್ರೂಸ್ ಅಲ್ಲದೆ ಇನ್ನೂ ಮೂರು ದ್ವೀಪಗಳಲ್ಲಿದೆ.

1974ರಲ್ಲಿ ಸ್ವೀಡನ್ನಿನ ಊನೊ ಎಲಿಯಾಸನ್ ಇಡೀ ಕುಲವನ್ನು ಮತ್ತೆ ಪರಿಶೀಲಿಸಿ ಪೂರ್ಣ ವಿವರಣೆ ಬರೆದ. ಇಂದು ಒಪ್ಪಿರುವ ಪ್ರಭೇದಗಳು 15. ಅವುಗಳಲ್ಲಿ ಮೂರು ಮರಗಳು, ಉಳಿದವು ಹೆಚ್ಚಾಗಿ ಒಣ ನೆಲದ ಪೊದೆಗಳು. ಮರಗಳು ಒಂದರ ಜಾಗದಲ್ಲಿ ಇನ್ನೊಂದು ನಿಂತಿವೆ: ಇಸಬೆಲಾ ದ್ವೀಪದ ದಕ್ಷಿಣಕ್ಕೆ ಕಾರ್ಡೇಟಾ, ಅದರ ಉತ್ತರಕ್ಕೂ ಫರ್ನಾಂಡಿನಾಗೂ ಮೈಕ್ರೊಸೆಫಲಾ, ಉಳಿದ ಕಡೆ ಪೆಡಂಕ್ಯುಲೇಟಾ. ಮೂರೂ ಮರವಾಗಿರುವುದರಿಂದ ಒಂದೇ ತಾಯ ಮಕ್ಕಳೇ? ಸೀಳೆಲೆಯ ಪೊದೆಗಳೆಲ್ಲ ಒಂದು ಬಳಗವೇ?

2020ರಲ್ಲಿ ಸ್ಪೇನಿನ ಮಾರಿಯೊ ಫರ್ನಾಂಡೆಸ್-ಮಜ್ವೆಕೋಸ್ ಮತ್ತು ಸಂಗಡಿಗರು ಈ 15ರ ಡಿಎನ್‌ಎ ಹೋಲಿಸಿ ಉತ್ತರ ಕೊಟ್ಟರು. ಇಷ್ಟೂ ಪ್ರಭೇದ ಕವಲೊಡೆದದ್ದು ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ, ಒಂದೇ ಪೂರ್ವಜನಿಂದ. ನೋಟ ನೋಡಿ ಮಾಡಿದ್ದ ಗುಂಪುಗಳು ಹಲವೆಡೆ ವಂಶದ ಗುಂಪುಗಳಾಗಿರಲಿಲ್ಲ. ಒಂದೇ ತರಹದ ಲಕ್ಷಣ ಬೇರೆ ಬೇರೆ ದ್ವೀಪದಲ್ಲಿ ಬೇರೆ ಬೇರೆಯಾಗಿಯೇ ಮೂಡಿತ್ತು. ಬಿಸಿಲು, ಗಾಳಿ, ಒಣ ನೆಲ ಒಂದೇ ಆಗಿದ್ದರೆ ಎಲೆಯೂ ಒಂದೇ ತೆರ ತಿದ್ದಿಕೊಳ್ಳುತ್ತದೆ. ಅದರಿಂದ ಒಂದೇ ಮನೆಯೆಂದು ಹೇಳಲಾಗದು. ಗೋವಿಂದನಹಳ್ಳಿಯ ದಿನಪತ್ರಿಕೆಯ ಮೇಲೆ ಕಂಡದ್ದನ್ನೇ ಇಲ್ಲಿ ಇಡೀ ದ್ವೀಪಸಮೂಹ ಹೇಳುತ್ತಿದೆ.

*

ಲೋಸ್ ಹೆಮೆಲೋಸ್ ಕಾಡಿನಲ್ಲಿ ಇನ್ನೂ ನಾಲ್ಕು ಹೆಜ್ಜೆ ಒಳಗೆ ಹೋಗಿ. ಮುಳ್ಳು ಬಟ್ಟೆಗೆ ಸಿಕ್ಕಿ ಹಿಂದಕ್ಕೆಳೆಯುತ್ತದೆ. ಆಳೆತ್ತರದ ಪೊದೆ, ಬೂದುಬಣ್ಣದ ಪುಡಿ ಮೆತ್ತಿದ ಕಾಂಡ, ಎಲೆಯಡಿ ಬಿಳುಪು, ಮಾಗಿ ಕಪ್ಪಾದ ಹಣ್ಣಿನ ಗೊಂಚಲು. ಹಣ್ಣು ಬಾಯಿಗೆ ಹಾಕಿಕೊಂಡರೆ ಸಿಹಿಹುಳಿ. ಇದು ರೂಬಸ್ ನಿವಿಯಸ್. ಇಂಗ್ಲಿಷಿನಲ್ಲಿ ಇದನ್ನು ಮೈಸೂರು ರಾಸ್‌ಬೆರಿ ಎನ್ನುತ್ತಾರೆ. ಭಾರತದಿಂದ ಪೂರ್ವಕ್ಕೆ ಚೀನಾ, ಆಗ್ನೇಯ ಏಷ್ಯಾದವರೆಗೆ ಬೆಳೆಯುವ ಗಿಡ. ಹಣ್ಣಿಗೆಂದು ಯಾರೋ ಇಲ್ಲಿಗೆ ತಂದರು. ಹಕ್ಕಿ ತಿಂದು ಬೀಜ ಹರಡಿತು. ಸ್ಕಲೇಶಿಯಾ ಮರದ ಆಯುಸ್ಸು ಚಿಕ್ಕದು, ಹೆಚ್ಚೆಂದರೆ ಕೆಲವು ದಶಕ. 1982–83ರ ಎಲ್ ನಿನ್ಯೊ ಮಳೆಯಲ್ಲಿ ಇಡೀ ಕಾಡೇ ಒಟ್ಟಿಗೆ ಸತ್ತು, ಬಿದ್ದ ಮರಗಳ ನಡುವೆ ಬೆಳಕು ಬಂದಾಗ ಬೀಜ ಮೊಳೆತು ಮತ್ತೆ ಎದ್ದಿತ್ತು. ಎಲ್ಲ ಮರಕ್ಕೂ ಒಂದೇ ಪ್ರಾಯ ಇರುವುದು ಇದರಿಂದಲೇ. ಈಗ ನೆಲದ ಮೇಲೆ ರೂಬಸ್ ದಟ್ಟವಾಗಿ ಹಬ್ಬಿದೆ. ಬೆಳಕು ನೆಲ ಮುಟ್ಟುವುದಿಲ್ಲ, ಸಸಿ ಏಳುವುದಿಲ್ಲ. ಹಳೆಯ ಮರ ಸತ್ತ ಜಾಗ ಮುಳ್ಳಿನದಾಗುತ್ತಿದೆ. ಸಾಂತಾ ಕ್ರೂಸಿನ ಮೂಲ ಸ್ಕಲೇಶಿಯಾ ಕಾಡಿನ ಬಹುಪಾಲು ಬೇಸಾಯಕ್ಕೆ ಮೊದಲೇ ಹೋಗಿತ್ತು. ಉಳಿದ ತುಣುಕಿನಲ್ಲಿ ಗಲಾಪಗಸ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಮತ್ತು ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರದವರು ಮಚ್ಚು ಹಿಡಿದು ಮುಳ್ಳು ಸವರುತ್ತಿದ್ದಾರೆ.

ಸವರಿದರೂ ಮತ್ತೆ ಚಿಗುರುವ ಈ ಗಿಡಕ್ಕೆ ಏಷ್ಯಾದ ತವರಿನಲ್ಲಿ ಅದನ್ನೇ ಕಾಡುವ ರೋಗವೋ ಹುಳವೋ ಇದ್ದರೆ ತರಬಹುದೇ ಎಂಬ ಹುಡುಕಾಟವೂ ನಡೆದಿದೆ. ಆಗ ಮತ್ತೆ ಅದೇ ಪ್ರಶ್ನೆ ಏಳುತ್ತದೆ: ರೂಬಸ್‌ಗೆ ಹತ್ತಿರದ ನೆಂಟರು ಗಲಾಪಗಸ್‌ನಲ್ಲಿ ಯಾವುವು, ತಂದದ್ದು ಅವನ್ನೂ ತಿಂದೀತೆ? ಬೆಂಗಳೂರಿನ ಜೀರುಂಡೆ ಕೇಳಿಸಿದ ಪ್ರಶ್ನೆಯೇ ಇದು.

ಇಷ್ಟೆಲ್ಲಕ್ಕೂ ಆಧಾರ, ಯಾರೋ ಒಬ್ಬರು ಗಿಡ ಕಿತ್ತು ಒತ್ತಿ, ಊರು ತಾರೀಖು ಬರೆದಿಟ್ಟ ಚೀಟಿ. ಗೋವಿಂದನಹಳ್ಳಿಗೆ ಹತ್ತಿರದ ಹಾಸನ ಜಿಲ್ಲೆಗೆ ಅಂಥ ಕೆಲಸ ಆಗಿದೆ. ಸೆಸಿಲ್ ಸಲ್ಡಾನ ಮತ್ತು ಸ್ಮಿತ್ಸೋನಿಯನ್‌ನ ಡ್ಯಾನ್ ನಿಕಲ್ಸನ್ ಸಂಪಾದಿಸಿದ ಹಾಸನದ ಸಸ್ಯಸಂಪುಟ 1976ರಲ್ಲೇ ಬಂತು. ನಮ್ಮ ಕಡೆಯ ಕಾಲೇಜುಗಳ ಸಸ್ಯಶಾಸ್ತ್ರದ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಈ ಕಾರ್ತಿಕದಲ್ಲಿ ಮಕ್ಕಳನ್ನು ರಾಗಿ ಹೊಲದ ಬದುವಿಗೆ ಕರೆದೊಯ್ಯಿರಿ. ಹುಚ್ಚೆಳ್ಳಿನಿಂದ ಕಾಂಗ್ರೆಸ್ ಗಿಡದವರೆಗೆ ಸಿಕ್ಕಿದ್ದನ್ನೆಲ್ಲ ಹಳೆಯ ಪತ್ರಿಕೆಯಲ್ಲಿ ಒತ್ತಿಸಿ. ಊರು, ತಾರೀಖು, ಹೊಲದವರು ಅದನ್ನು ಏನೆಂದು ಕರೆಯುತ್ತಾರೆ, ಕಿತ್ತವರು ಯಾರು ಎಂದು ಚೀಟಿ ಬರೆಸಿ. ಎರಡೆರಡು ಪ್ರತಿ ಮಾಡಿ, ಒಂದನ್ನು ಕಾಲೇಜಿನಲ್ಲಿಟ್ಟುಕೊಂಡು ಇನ್ನೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ತೆಗೆದುಕೊಳ್ಳುವುದೇ ಎಂದು ಕೇಳಿ. ನೆಂಟಸ್ತಿಕೆಯ ಲೆಕ್ಕ ನಾಳೆ ಬದಲಾದೀತು. ಸರಿಯಾಗಿ ಬರೆದ ಚೀಟಿ ಮಾತ್ರ ಯಾವ ಲೆಕ್ಕಕ್ಕೂ ಬೇಕಾಗುತ್ತದೆ.